ಮೊದಲು ಮನೆ, ಆಮೇಲೆ ಪಾಯ: ವಾಷಿಂಗ್ಟನ್ ಮನೆತನದ ಹಳೇ ನೆಲದಲ್ಲಿ ಅಪ್ಪನ ಜೊತೆ

ಶುಕ್ರವಾರ

ಅಪ್ಪ ಮಂಡ್ಯ ಜಿಲ್ಲೆಯಲ್ಲಿ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರನ್ನೂ ಅಮ್ಮನನ್ನೂ ನಯಾಗರಾಕ್ಕೆ ಕರೆದುಕೊಂಡು ಹೋಗಿಯಾಗಿತ್ತು, ನ್ಯೂಯಾರ್ಕ್ ತೋರಿಸಿಯಾಗಿತ್ತು. ಎರಡೂ ಕಡೆ ಅಪ್ಪ ಕೈ ಹಿಂದೆ ಕಟ್ಟಿ ನಿಂತು "ಚೆನ್ನಾಗಿದೆ" ಅಂದಿದ್ದರು, ಮೇಲೆ ಒಂದು ಮಾತಿಲ್ಲ. ಈ ಅಕ್ಟೋಬರಿನಲ್ಲಿ ನಾನು ಬೇರೆ ಲೆಕ್ಕ ಹಾಕಿದೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ, ಬೆಳೆದ, ಬಾಳಿ ಸತ್ತ ಜಾಗಗಳೆಲ್ಲ ವರ್ಜೀನಿಯಾದಲ್ಲೇ ಇವೆ, ಆ್ಯಶ್‌ಬರ್ನಿನ ನಮ್ಮ ಮನೆಯಿಂದ ಒಂದು ವಾರಾಂತ್ಯದಲ್ಲಿ ಮುಗಿಯುವ ದಾರಿ. ಎಲ್ಲ ಕಡೆಯೂ ಪುರಾತತ್ವದವರು ನೆಲ ಅಗೆದು ಆ ಮನೆತನದ ಕುರುಹು ಹುಡುಕಿದ್ದಾರೆ. ಇದನ್ನು ಹೇಳಿದ ತಕ್ಷಣ ಅಪ್ಪ, "ಅಳತೆ ಇಟ್ಕೊಂಡು ಅಗೀತಾರಾ, ಸುಮ್ನೆ ಅಗೀತಾರಾ?" ಅಂದರು. ಈ ಸಲ "ಚೆನ್ನಾಗಿದೆ"ಯಲ್ಲಿ ನಿಲ್ಲುವುದಿಲ್ಲ ಅಂತ ಆಗಲೇ ಅನ್ನಿಸಿತು.

ಅಮ್ಮ ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿ, ಚಪಾತಿ ಸುತ್ತಿ, ಚಟ್ನಿಪುಡಿಯ ಡಬ್ಬಿ ತುಂಬಿಸಿ ಇಟ್ಟಿದ್ದರು. ಬೆಳಗ್ಗೆ ಹತ್ತರ ಹೊತ್ತಿಗೆ ಪೊಟೋಮ್ಯಾಕ್ ಹೊಳೆಯ ದಂಡೆಯಲ್ಲಿ ವಾಷಿಂಗ್ಟನ್ ಬಾಳಿ ಸತ್ತ ಮೌಂಟ್ ವರ್ನನ್ ಎಸ್ಟೇಟಿನಲ್ಲಿದ್ದೆವು. ದೊಡ್ಡ ಮನೆಯ ಒಳಗೆ ಹೋಗಲು ಟಿಕೆಟ್ಟಿನ ಜೊತೆ ಗಂಟೆಯನ್ನೂ ಮುಂಚೆಯೇ ಕಾದಿರಿಸಿಕೊಳ್ಳುವುದು ಒಳ್ಳೆಯದು, ಶಾಲಾ ಮಕ್ಕಳ ಬಸ್ಸುಗಳು ಬಂದವೆಂದರೆ ಸಾಲು ಬೆಳೆದುಬಿಡುತ್ತದೆ.

ಮನೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮನ್ನು ಹಿಡಿದದ್ದು ನೆಲಮಾಳಿಗೆಯ ಕಥೆ. ಕಟ್ಟಡದ ದುರಸ್ತಿಗೆಂದು ನೆಲಮಾಳಿಗೆಯ ಇಟ್ಟಿಗೆ ನೆಲ ಬಿಚ್ಚುವಾಗ 2023ರಲ್ಲಿ ಎರಡು ಗಾಜಿನ ಬಾಟಲಿ ಸಿಕ್ಕವಂತೆ. ಮರುವರ್ಷ ಇನ್ನಷ್ಟು ಅಗೆದರೆ ಐದು ಗುಂಡಿಗಳಲ್ಲಿ ಮೂವತ್ತೈದು ಬಾಟಲಿ, ಅದರಲ್ಲಿ ಇಪ್ಪತ್ತೊಂಬತ್ತು ಒಡೆಯದೆ ಇಡಿಯಾಗಿದ್ದವು. ಒಳಗೆ ಚೆರ್ರಿ ಮತ್ತು ನೆಲ್ಲಿಯಂಥ ಸಣ್ಣ ಹಣ್ಣುಗಳು, ಇನ್ನೂರೈವತ್ತು ವರ್ಷ ಹಾಗೇ ಉಳಿದಿದ್ದವು. ಅಮ್ಮನಿಗೆ ಇದು ಇತಿಹಾಸವೇ ಅಲ್ಲ, ಅಡುಗೆಮನೆಯ ಪ್ರಶ್ನೆ. "ನೀರಿನ ಪಸೆ ಇರಲಿಲ್ಲ ಅನ್ನು. ತೊಳೆದು, ಒರೆಸಿ, ಒಣಗಿಸಿ ತುಂಬಿದ್ದಾರೆ. ಬಿರಡೆ ಬಿಗಿಯಾಗಿದೆ. ಕತ್ತಲೆ, ತಂಪು. ಇನ್ನೇನು ಬೇಕು?" ಅಂದರು. ಅಲ್ಲಿದ್ದ ಗೈಡ್ ಹೆಂಗಸಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕು, "ನಮ್ಮವರೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತಾರೆ" ಅಂದಳು. ಹಣ್ಣು ಕಿತ್ತು, ಬಿಡಿಸಿ, ತುಂಬಿದ ಕೈಗಳು ಮಾತ್ರ ವಾಷಿಂಗ್ಟನ್ ದಂಪತಿಗಳದ್ದಲ್ಲ. ಆ ಕಾಲದಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದದ್ದು ಡಾಲ್ ಎಂಬ ಗುಲಾಮ ಹೆಂಗಸು. ವಾಷಿಂಗ್ಟನ್ ಸತ್ತ 1799ರಲ್ಲಿ ಈ ಎಸ್ಟೇಟಿನಲ್ಲಿ 317 ಗುಲಾಮರಿದ್ದರು.

ಅವರನ್ನು ಹೂಳುತ್ತಿದ್ದ ಮಸಣ ಕಾಡಿನ ಅಂಚಿನಲ್ಲಿದೆ. ಒಂದು ಸಮಾಧಿಗೂ ಹೆಸರು ಕೆತ್ತಿದ ಕಲ್ಲಿಲ್ಲ. 2014ರಿಂದ ಇಲ್ಲಿ ಸರ್ವೆ ನಡೆದಿದೆ. ಮೇಲ್ಮಣ್ಣನ್ನಷ್ಟೇ ತೆಳ್ಳಗೆ ಸರಿಸಿ ಕೆಳಗಿನ ಮಣ್ಣಿನ ಬಣ್ಣ ನೋಡುತ್ತಾರೆ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಸುತ್ತಲಿನದರ ಜೊತೆ ಎಂದೂ ಸರಿಯಾಗಿ ಬೆರೆಯುವುದಿಲ್ಲ, ಉದ್ದನೆಯ ಮಬ್ಬು ಪಟ್ಟಿಯಾಗಿ ಉಳಿಯುತ್ತದೆ. ಆ ಪಟ್ಟಿಯನ್ನು ನಕ್ಷೆಗೆ ಏರಿಸಿ ಮತ್ತೆ ಮುಚ್ಚುತ್ತಾರೆ, ಅಸ್ಥಿ ಮುಟ್ಟುವುದಿಲ್ಲ. ಅಪ್ಪ ಅಲ್ಲಿ ಬಹಳ ಹೊತ್ತು ನಿಂತರು. "ನಮ್ಮ ಕಡೆ ಬಾಂದುಕಲ್ಲು ಕಿತ್ತು ಜರುಗಿಸಿದ್ರೂ ಹಳೇ ಗುಣಿ ಹೀಗೇ ಸಿಗುತ್ತೆ. ಮಣ್ಣು ಸುಳ್ಳು ಹೇಳಲ್ಲ, ಪಕ್ಕದ ಜಮೀನಿನವನು ಹೇಳ್ತಾನೆ" ಅಂದರು.

ವಾಷಿಂಗ್ಟನ್ ಸಮಾಧಿಯ ಹತ್ತಿರ 1799 ಎಂಬ ಇಸವಿ ನೋಡಿ ಅಮ್ಮ "ಟಿಪ್ಪು ಹೋದದ್ದೂ ಅದೇ ವರ್ಷ ಅಲ್ವಾ?" ಅಂದರು. ಹೌದು, ಟಿಪ್ಪು ಮೇ 4ರಂದು ಶ್ರೀರಂಗಪಟ್ಟಣದಲ್ಲಿ, ವಾಷಿಂಗ್ಟನ್ ಡಿಸೆಂಬರ್ 14ರಂದು ಇಲ್ಲಿ. ಅಮ್ಮನ ತವರು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ, ಹಾಗಾಗಿ ಅವರಿಗೆ ಆ ಇಸವಿ ಬಾಯಿಪಾಠ. ಇಬ್ಬರಿಗೂ ಇಂಗ್ಲಿಷರು ಶತ್ರು, ಫ್ರೆಂಚರು ಮಿತ್ರರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಪೆನ್ಸಿಲ್ವೇನಿಯಾದವರು ಒಂದು ಯುದ್ಧ ಹಡಗಿಗೆ "ಹೈದರ್ ಆಲಿ" ಅಂತಲೇ ಹೆಸರಿಟ್ಟಿದ್ದರು. 1782ರ ಏಪ್ರಿಲಿನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಇಂಗ್ಲಿಷ್ ಹಡಗನ್ನು ಸೆರೆಹಿಡಿಯಿತು. ಇದನ್ನು ಹೇಳಿದ್ದಕ್ಕೆ ಅಮ್ಮ ಗೈಡ್ ಹೆಂಗಸಿನ ಕಡೆ ನೋಡಿ, "ಅವಳಿಗೂ ಹೇಳೇ" ಅಂದರು. ಹೇಳಿದೆ. ಆಕೆಗೆ ಗೊತ್ತಿರಲಿಲ್ಲ, ಬರೆದುಕೊಂಡಳು.

ಶುಕ್ರವಾರ ಮಧ್ಯಾಹ್ನ ಐ-95ರಲ್ಲಿ ದಕ್ಷಿಣಕ್ಕೆ ಹೋಗುವುದೆಂದರೆ ಪಾಪ ಕಳೆದುಕೊಳ್ಳುವ ದಾರಿ. ಅರ್ಧ ಗಂಟೆ ತೆವಳಿ, ಬೇಸತ್ತು, ಹಳೇ ರೂಟ್ 1ಕ್ಕೆ ಇಳಿದೆವು. ಅದು ಡಂಫ್ರೀಸ್ ಎಂಬ ಊರಿನ ಮೇಲೆ ಹೋಗುತ್ತದೆ. ಚೆರ್ರಿ ಮರ ಕಡಿದ ಹುಡುಗ ಅಪ್ಪನ ಮುಂದೆ ನಿಜ ಒಪ್ಪಿಕೊಂಡ ಕಥೆಯನ್ನು ಪ್ರಚಾರಕ್ಕೆ ತಂದ ಪಾದ್ರಿ ಮೇಸನ್ ವೀಮ್ಸ್ ಇದ್ದ ಊರು ಅದು. ಆ ಕಥೆ ಅಚ್ಚಾದದ್ದು 1806ರಲ್ಲಿ, ವಾಷಿಂಗ್ಟನ್ ಸತ್ತು ಏಳು ವರ್ಷವಾದ ಮೇಲೆ. ನಮ್ಮ ಮೇಷ್ಟ್ರು ಬೆತ್ತ ಹಿಡಿದುಕೊಂಡೇ "ನಿಜ ಹೇಳಿದರೆ ಹೊಡೆಯಲ್ಲ" ಅಂತ ಇದೇ ಕಥೆ ಹೇಳಿದ್ದರು. ಅಮ್ಮನಿಗೂ ಅವರ ಮೇಷ್ಟ್ರು ಹೇಳಿದ್ದರಂತೆ. ರಾತ್ರಿ ಫ್ರೆಡರಿಕ್ಸ್‌ಬರ್ಗ್ ಸೇರಿ, ಹೋಟೆಲಿನ ಮೈಕ್ರೋವೇವಿನಲ್ಲಿ ಚಪಾತಿ ಬೆಚ್ಚಗೆ ಮಾಡಿಕೊಂಡು ತಿಂದು ಮಲಗಿದೆವು.

ಶನಿವಾರ

ಬೆಳಗ್ಗೆ ಎದ್ದರೆ ಜಿಟಿಜಿಟಿ ಮಳೆ. ರಾಪಹ್ಯಾನಕ್ ಹೊಳೆಯ ಸೇತುವೆ ದಾಟಿದರೆ ಆಚೆ ದಂಡೆಯಲ್ಲಿ ಫೆರ್ರಿ ಫಾರ್ಮ್. ವಾಷಿಂಗ್ಟನ್ ಆರನೇ ವಯಸ್ಸಿನಿಂದ ಬೆಳೆದ ಜಾಗ ಇದು. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮೊದಲು ನೋಡಿಕೊಳ್ಳಿ. ಹೆದ್ದಾರಿಗೆ ಎಷ್ಟು ಹತ್ತಿರವೆಂದರೆ ಹುಲ್ಲಿನ ಮೇಲೆ ನಿಂತರೂ ಲಾರಿಗಳ ಸದ್ದು ಕಿವಿಗೆ ಬೀಳುತ್ತದೆ. 1996ರಲ್ಲಿ ಇಲ್ಲಿ ವಾಲ್‌ಮಾರ್ಟ್ ಬರುವುದಿತ್ತು. ಜನ ಎದ್ದು ಗಲಾಟೆ ಮಾಡಿ ತಪ್ಪಿಸಿದರು, ಅಂಗಡಿ ಅದೇ ರಸ್ತೆಯಲ್ಲಿ ಬೇರೆ ಕಡೆ ಎದ್ದಿತು.

ತಂದೆ ಅಗಸ್ಟೀನ್ ವಾಷಿಂಗ್ಟನ್ 1738ರಲ್ಲಿ ಸಂಸಾರ ಸಮೇತ ಇಲ್ಲಿಗೆ ಬಂದ. 1743ರಲ್ಲಿ ಸತ್ತ. ಹನ್ನೊಂದು ವರ್ಷದ ಹುಡುಗ ಜಾರ್ಜನ ಪಾಲಿಗೆ ಈ ಜಮೀನು ಮತ್ತು ಹತ್ತು ಜನ ಗುಲಾಮರು ಬಂದರು. ತಾಯಿ ಮೇರಿ ಬಾಲ್ ವಾಷಿಂಗ್ಟನ್ 1772ರ ತನಕ ಇಲ್ಲೇ ಬೇಸಾಯ ನಡೆಸಿ, ಆಮೇಲೆ ಹೊಳೆಯಾಚೆ ಪೇಟೆಗೆ ಹೋದಳು. 1774ರಲ್ಲಿ ಜಮೀನು ಮಾರಾಟವಾಯಿತು. 19ನೇ ಶತಮಾನದಲ್ಲಿ ಮನೆ ಬಿದ್ದು ಮಣ್ಣಾಯಿತು. ಮೇಲಿಂದ 1862ರ ಚಳಿಗಾಲದಲ್ಲಿ ಅಂತರ್ಯುದ್ಧದ ಸೈನಿಕರು ಇಲ್ಲೇ ಬೀಡುಬಿಟ್ಟು ಕಂದಕ ತೋಡಿದರು. ಮನೆ ಎಲ್ಲಿತ್ತು ಅಂತ ಖಚಿತವಾಗಿ ಹೇಳುವವರೇ ಉಳಿಯಲಿಲ್ಲ.

ಡೇವಿಡ್ ಮುರಾಕಾ ಮತ್ತು ಫಿಲಿಪ್ ಲೆವಿ ಎಂಬ ಪುರಾತತ್ವಜ್ಞರ ತಂಡ ವರ್ಷಗಟ್ಟಲೆ ಹುಡುಕಿತು. ಒಂದು ಕಡೆ ಅಗೆದರೆ ಪಾಯ ಸಿಕ್ಕಿತು, ಆದರೆ ಅದು ವಾಷಿಂಗ್ಟನ್ನರು ಬರುವುದಕ್ಕಿಂತ ಹಳೆಯದು. ಇನ್ನೊಂದು ಕಡೆ ಸಿಕ್ಕಿದ್ದು 19ನೇ ಶತಮಾನದ ಮನೆ. ಮೂರನೇ ಜಾಗದಲ್ಲಿ ಕಲ್ಲು ಕಟ್ಟಿದ ನೆಲಮಾಳಿಗೆಗಳು, ಹೊಗೆಗೂಡಿನ ಬುಡ, ಸುತ್ತ ಆ ಕಾಲದ ಸಾಮಾನು. 2008ರ ಜುಲೈಯಲ್ಲಿ "ಇದೇ" ಅಂತ ಘೋಷಿಸಿದರು. ಅದಾದ ಮೇಲೆ ಏಳೆಂಟು ವರ್ಷ ಬಿಟ್ಟು ಮನೆಯ ಮರುನಿರ್ಮಾಣ ಶುರುಮಾಡಿದರು.

ಆ ಮನೆ ಈಗ ಗುಡ್ಡದ ಮೇಲೆ ನಿಂತಿದೆ. ಹಲಗೆ ಗೋಡೆಗೆ ಕೆಂಪು ಬಣ್ಣ, ಎರಡು ತುದಿಯಲ್ಲಿ ಹೊಗೆಗೂಡು, ಉದ್ದ ಐವತ್ತು ಅಡಿಯ ಮೇಲೆ. ಒಳಗಿನ ಸಾಮಾನೆಲ್ಲ ಹೊಸದಾಗಿ ಮಾಡಿಸಿದ್ದು, ಹಾಗಾಗಿ ಮುಟ್ಟಬಹುದು, ಕುರ್ಚಿಯಲ್ಲಿ ಕೂರಬಹುದು. ಅಮ್ಮ ಎಲ್ಲ ಡ್ರಾಯರನ್ನೂ ಎಳೆದು ನೋಡಿದರು. ಪಾಯದ ಅಳತೆಯೇನೋ ನೆಲದಿಂದ ಬಂತು, ಒಳಗಿನ ಕೋಣೆ ಹಾಸಿಗೆ ಮೇಜು ಹೇಗೆ ಗೊತ್ತಾಯಿತು ಅಂತ ಅಪ್ಪ ಕೇಳಿದರು. ಅಗಸ್ಟೀನ್ ಸತ್ತಾಗ ಆಸ್ತಿ ಲೆಕ್ಕಕ್ಕೆಂದು ಕೋಣೆ ಕೋಣೆಗೂ ಹೋಗಿ ಏನೇನಿದೆ ಅಂತ ಪಟ್ಟಿ ಬರೆದಿದ್ದರು, ಅದು ಉಳಿದಿದೆ ಅಂದಳು ತೋರಿಸುತ್ತಿದ್ದ ಹುಡುಗಿ. "ಮಹಜರು!" ಅಂದರು ಅಪ್ಪ. ಮುಖ ಅರಳಿತ್ತು.

ಮಳೆ ನಿಲ್ಲುವ ತನಕ ಸಂದರ್ಶಕರ ಕೇಂದ್ರದಲ್ಲೇ ಉಳಿದೆವು, ಅದೇ ಒಳ್ಳೆಯದಾಯಿತು. ಅಲ್ಲಿ ಪ್ರಯೋಗಾಲಯಕ್ಕೆ ಗಾಜಿನ ಕಿಟಕಿ ಇದೆ, ಒಳಗೆ ಚೂರುಗಳನ್ನು ತೊಳೆದು, ಒಣಗಿಸಿ, ನಂಬರು ಬರೆಯುವುದನ್ನು ನಿಂತು ನೋಡಬಹುದು. ವಿಗ್ ಸುರುಳಿ ಮಾಡಲು ಬಳಸುತ್ತಿದ್ದ ಸಣ್ಣ ಮಣ್ಣಿನ ಕಡ್ಡಿಗಳು, ಮೂಳೆಯ ಹಿಡಿಯ ಹಲ್ಲುಜ್ಜುವ ಬ್ರಶ್ಶು, ಚಹಾ ಬಟ್ಟಲಿನ ಚೂರು. ಪಂಚ್ ಎಂಬ ಪಾನೀಯಕ್ಕೆ ಬಳಸುವ, ಚೆರ್ರಿ ಚಿತ್ರ ಬರೆದ ಒಂದು ಬಟ್ಟಲು ಒಡೆದಿದ್ದನ್ನು ಆ ಕಾಲದಲ್ಲೇ ಅಂಟು ಹಾಕಿ ಜೋಡಿಸಿದ್ದರಂತೆ. ಜೋಡಿಸಿದ ಬಟ್ಟಲಿನಲ್ಲಿ ಬಿಸಿ ಪಾನೀಯ ನಿಲ್ಲುವುದಿಲ್ಲ, ನೋಟಕ್ಕೆಂದು ಇಟ್ಟುಕೊಂಡಿರಬೇಕು. ಇದನ್ನು ಕೇಳಿದ ಅಮ್ಮನಿಗೆ ಮೇರಿ ವಾಷಿಂಗ್ಟನ್ ಮೇಲೆ ಒಮ್ಮೆಲೇ ಪ್ರೀತಿ ಬಂದುಬಿಟ್ಟಿತು. ಕಡಿದ ಚೆರ್ರಿ ಮರದ ಬುಡ ಮಾತ್ರ ಸಿಕ್ಕಿಲ್ಲ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಅದೇ ಅಂತೆ.

ಊಟದ ವಿರಾಮಕ್ಕೆ ಹೊರಬಂದ ಒಬ್ಬ ವಯಸ್ಸಾದ ಸ್ವಯಂಸೇವಕ ನಮ್ಮ ಹತ್ತಿರ ನಿಂತ. ಜೇಬಿನಿಂದ ಬಿಳಿ ಮಣ್ಣಿನ ಚಿಲುಮೆ ಕೊಳವೆಯ ಒಂದು ತುಂಡು ತೆಗೆದು ತೋರಿಸಿದ. ಕಲಿಸಲು ಇಟ್ಟುಕೊಂಡ ನಕಲು. ಆ ತುಂಡಿನ ತೂತಿನಲ್ಲೇ ಕಾಲ ಇದೆ ಅಂದ. 17ನೇ ಶತಮಾನದ ಶುರುವಿನಲ್ಲಿ ಕೊಳವೆ ಗಿಡ್ಡ, ತೂತು ದೊಡ್ಡದು. ಬರುಬರುತ್ತಾ ಕೊಳವೆ ಉದ್ದವಾಗಿ ತೂತು ಸಣ್ಣದಾಯಿತು. ಜೇಮ್ಸ್‌ಟೌನ್‌ನಲ್ಲಿ ಅಗೆದ ಹ್ಯಾರಿಂಗ್ಟನ್ ಎಂಬಾತ ಇದನ್ನು ಲೆಕ್ಕ ಹಾಕಿ 1954ರಲ್ಲಿ ಪ್ರಕಟಿಸಿದ. ಅಂದಿನಿಂದ ಇಲ್ಲಿನವರ ಪೆಟ್ಟಿಗೆಯಲ್ಲಿ ಮರಗೆಲಸದ ಡ್ರಿಲ್ ಬಿಟ್ಟುಗಳ ಒಂದು ಕಟ್ಟು ಖಾಯಂ. ಯಾವ ಬಿಟ್ಟು ತೂತಿಗೆ ಸರಿಯಾಗಿ ಕೂರುತ್ತದೆ ಅಂತ ನೋಡುತ್ತಾರೆ, ಇಂಚಿನ ಅರವತ್ತನಾಲ್ಕನೇ ಭಾಗದ ಲೆಕ್ಕ. ಒಂಬತ್ತು ಬಂದರೆ ತೀರಾ ಹಳೆಯದು, ನಾಲ್ಕಕ್ಕೆ ಇಳಿದರೆ 1750ರ ಈಚಿನದು. ಒಂದು ತುಂಡು ಏನೂ ಹೇಳುವುದಿಲ್ಲ, ನೂರಾರು ಸೇರಿದರೆ ಮಾತಾಡುತ್ತವೆ.

ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ಆತ ಕೇಳಿದ. ನಾನು ಹೇಳಿದೆ. ಆತ ಒಳಗೆ ಹೋಗಿ, ತೋರಿಸಲೆಂದು ಇಟ್ಟಿದ್ದ ಒಂದು ಕಬ್ಬಿಣದ ಸರಪಳಿ ತಂದು ಹುಲ್ಲಿನ ಮೇಲೆ ಹಾಸಿದ. ವಾಷಿಂಗ್ಟನ್ ಮೊದಲು ಮೋಜಣಿದಾರ, ಆಮೇಲೆ ಉಳಿದದ್ದೆಲ್ಲ. ಹದಿಹರೆಯದಲ್ಲಿ ಕೆಲಸ ಕಲಿತು, 1749ರಲ್ಲಿ, ಹದಿನೇಳನೇ ವಯಸ್ಸಿಗೆ ಕಲ್ಪೆಪರ್ ಕೌಂಟಿಯ ಸರ್ವೇಯರ್ ಆದವನು. ಈ ಫಾರ್ಮನ್ನು ಮಾರುವ ಮುಂಚೆ 1771ರಲ್ಲಿ ತಾನೇ ಅಳೆದು ಟಿಪ್ಪಣಿ ಬರೆದಿಟ್ಟಿದ್ದಾನೆ. ಅಪ್ಪ ಬಗ್ಗಿ ಸರಪಳಿಯ ಒಂದು ಹಿಡಿ ಎತ್ತಿಕೊಂಡು, ಕೊಂಡಿಗಳ ಮೇಲೆ ಕಣ್ಣಾಡಿಸಿ, "ಮೂವತ್ತಮೂರು ಅಡಿ" ಅಂದರು. ಆತ ಬೆರಗಾಗಿ, ಹೌದು, ಎರಡು ಪೋಲಿನ ಸರಪಳಿ (ಪೋಲ್ ಅಂದರೆ ಹದಿನಾರೂವರೆ ಅಡಿ), ಇಂಗ್ಲೆಂಡಿನ ಅರವತ್ತಾರು ಅಡಿಯದರ ಅರ್ಧ, ಕಾಡಿನಲ್ಲಿ ಎಳೆಯಲು ಸುಲಭ ಅಂತ ಇಲ್ಲಿ ಇದನ್ನು ಬಳಸುತ್ತಿದ್ದರು ಅಂದ.

ನಮ್ಮ ಸರಪಳಿಯೂ ಮೂವತ್ತಮೂರು ಅಡಿ. ಹದಿನಾರು ಆಣೆ ಕೂಡಿದರೆ ಒಂದು ಸರಪಳಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಮಂಡ್ಯದ ಗದ್ದೆ ಬದುವಿನ ಮೇಲೆ ಅಪ್ಪ ಜೀವಮಾನವೆಲ್ಲ ಎಳೆದ ಅಳತೆಯೇ ಇಲ್ಲಿ, ಅದೇ ಇಂಗ್ಲಿಷರು ಬಿಟ್ಟುಹೋದ ಇನ್ನೊಂದು ಸೀಮೆಯಲ್ಲಿ ಬಿದ್ದಿತ್ತು. ಅವರಿಬ್ಬರೂ ಒಂದೊಂದು ತುದಿ ಹಿಡಿದು, ಮಾತಿಲ್ಲದೆ, ಮರುನಿರ್ಮಾಣದ ಮನೆಯ ಮುಂಗಡೆ ಉದ್ದವನ್ನು ಅಳೆದರು. ಎರಡು ಸರಪಳಿಗೆ ಸ್ವಲ್ಪ ಕಡಿಮೆ ಬಂತು. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ಸಂಕೋಚ. ಅರ್ಧ ಗಂಟೆಯ ಆ ಕೆಲಸಕ್ಕೆ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಮಳೆ ಬಿಟ್ಟ ಮೇಲೆ ಹೊಳೆಗೆ ಇಳಿಯುವ ಜಾರಿನಲ್ಲಿ ಅಮ್ಮನ ಚಪ್ಪಲಿಯ ಬಾರು ಕಿತ್ತುಹೋಯಿತು. ಮಾಂಗಲ್ಯದ ಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಬಾರಿಗೆ ಹಾಕಿಕೊಂಡು, "ಇದಕ್ಕೇ ಇಟ್ಕೊಂಡಿರೋದು" ಅಂತ ನಡೆದರು. ನೀವು ಬರುವುದಾದರೆ ಶೂ ಹಾಕಿಕೊಂಡು ಬನ್ನಿ, ಎಲ್ಲರ ಹತ್ತಿರವೂ ಪಿನ್ನು ಇರುವುದಿಲ್ಲ. ವಾಷಿಂಗ್ಟನ್ ಈ ಹೊಳೆಯಾಚೆಗೆ ಬೆಳ್ಳಿ ಡಾಲರ್ ಎಸೆದ ಅನ್ನುವುದು ಇನ್ನೊಂದು ಕಥೆ. ಆತನ ಬಾಲ್ಯದಲ್ಲಿ ಅಮೆರಿಕಕ್ಕೆ ಸ್ವಂತ ಡಾಲರ್ ನಾಣ್ಯವೇ ಇರಲಿಲ್ಲ, ಮೊದಲ ಬೆಳ್ಳಿ ಡಾಲರ್ ಟಂಕಿಸಿದ್ದು 1794ರಲ್ಲಿ. ಆದರೂ ವಾಲ್ಟರ್ ಜಾನ್ಸನ್ ಎಂಬ ಬೇಸ್‌ಬಾಲ್ ಆಟಗಾರ 1936ರಲ್ಲಿ, ವಾಷಿಂಗ್ಟನ್ ಹುಟ್ಟುಹಬ್ಬದ ದಿನ, ಇಲ್ಲಿ ನಿಂತು ಎಸೆದು ತೋರಿಸಿದ್ದಾನೆ. ಅಪ್ಪ ತೋಳು ಚಾಚಿ, ಹೆಬ್ಬೆರಳು ಎತ್ತಿ, ಒಂದೊಂದು ಕಣ್ಣು ಮುಚ್ಚಿ ಅಗಲ ಅಂದಾಜು ಮಾಡಿ, "ಎಂಟು ಸರಪಳಿ ಇರಬಹುದು. ಎಸೀಬಹುದು. ವಾಪಸ್ ಯಾರು ತಂದುಕೊಡ್ತಾರೆ?" ಅಂದರು.

ಸಂಜೆ ಪ್ರಿನ್ಸೆಸ್ ಆ್ಯನ್ ಬೀದಿಯ ಕಾರ್ಲ್ಸ್‌ನಲ್ಲಿ ಐಸ್‌ಕ್ರೀಮು. ವೆನಿಲಾ, ಚಾಕೊಲೇಟ್, ಸ್ಟ್ರಾಬೆರಿ, ಅಷ್ಟೇ. 1940ರ ದಶಕದ ಯಂತ್ರಗಳು ಇನ್ನೂ ಗುರುಗುಡುತ್ತಿವೆ. ಸಾಲು ಉದ್ದ ಇದ್ದರೂ ಬೇಗ ಸರಿಯುತ್ತದೆ. ಛಳಿ ಶುರುವಾಗಿತ್ತು, ಅಮ್ಮ ಶಾಲು ಹೊದ್ದು ಸ್ಟ್ರಾಬೆರಿ ತಿಂದರು.

ಭಾನುವಾರ

ಬಿಸಿಲು ಬಂತು. ರೂಟ್ 3ರಲ್ಲಿ ಪೂರ್ವಕ್ಕೆ ಹೊರಟೆವು. ಕಿಂಗ್ ಜಾರ್ಜ್ ದಾಟಿದ ಮೇಲೆ ಅಂಗಡಿ ಸಾಲುಗಳು ಮುಗಿದು ಹೊಲಗಳು ಶುರು. ಕಟಾವಾದ ಜೋಳದ ಕೂಳೆ, ಒಣಗಿ ಕಂದಾದ ಸೋಯಾ, ನಡುವೆ ಒಂಟಿ ಚರ್ಚು. ಪೊಟೋಮ್ಯಾಕ್ ಮತ್ತು ರಾಪಹ್ಯಾನಕ್ ಹೊಳೆಗಳ ನಡುವಿನ ಈ ಉದ್ದನೆಯ ನೆಲಕ್ಕೆ ನಾರ್ದರ್ನ್ ನೆಕ್ ಅನ್ನುತ್ತಾರೆ. ಫೋನಿನ ಸಿಗ್ನಲ್ ಬಂದು ಬಂದು ಹೋಗುತ್ತದೆ, ದಾರಿಯ ನಕ್ಷೆ ಮುಂಚೆಯೇ ಇಳಿಸಿಕೊಂಡರೆ ವಾಸಿ. ಪೆಟ್ರೋಲು ಹಾಕಿಸಲು ನಿಲ್ಲಿಸಿದ ಅಂಗಡಿಯಲ್ಲಿ ಮಾಂಸವಿಲ್ಲದ್ದು ಏನಿದೆ ಅಂತ ಕೇಳಿದ್ದಕ್ಕೆ ಗಲ್ಲಾದ ಹೆಂಗಸು ಬಹಳ ಯೋಚಿಸಿ, "ಮೀನು?" ಅಂದಳು. ಕೊನೆಗೆ ಹುರಿದ ಕಡಲೆಕಾಯಿ ಕೊಂಡೆವು. ವರ್ಜೀನಿಯಾದ ಕಡಲೆಕಾಯಿ ದಪ್ಪ, ಅಮ್ಮನ ಪ್ರಕಾರ ರುಚಿ ನಮ್ಮದಕ್ಕಿಂತ ಒಂದು ಕೈ ಕಡಿಮೆ. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿ ಆಕೆ, "ಆ ಮನೆ ನಿಜವಾದ ಮನೆ ಅಲ್ಲ, ಗೊತ್ತಲ್ಲ?" ಅಂದಳು. ಊರಿನವರಿಗೆಲ್ಲ ಗೊತ್ತಿರುವ ವಿಷಯವಂತೆ.

ಪೋಪ್ಸ್ ಕ್ರೀಕ್. ವಾಷಿಂಗ್ಟನ್ ಹುಟ್ಟಿದ್ದು ಇಲ್ಲಿ, 1732ರ ಫೆಬ್ರುವರಿ 22ರಂದು. ಮುತ್ತಜ್ಜ ಜಾನ್ ವಾಷಿಂಗ್ಟನ್ 1657ರಲ್ಲಿ ಇಂಗ್ಲೆಂಡಿನಿಂದ ಬಂದು ಈ ಸೀಮೆಯಲ್ಲೇ ಬೇರೂರಿದ. ಆ ಲೆಕ್ಕದಲ್ಲಿ ಮನೆತನದ ಮೂಲಸ್ಥಾನ ಅಂತ ಏನಾದರೂ ಇದ್ದರೆ ಇದೇ. ರಾಷ್ಟ್ರೀಯ ಉದ್ಯಾನ ಇಲಾಖೆಯವರು ನೋಡಿಕೊಳ್ಳುತ್ತಾರೆ, ಪ್ರವೇಶಕ್ಕೆ ದುಡ್ಡಿಲ್ಲ. ಹುಟ್ಟಿದ ಮನೆ 1779ರ ಕ್ರಿಸ್‌ಮಸ್ ದಿನ ಸುಟ್ಟುಹೋಯಿತು. ಫೆರ್ರಿ ಫಾರ್ಮಿನ ಮನೆಗೂ ಬೆಂಕಿ ಬಿದ್ದದ್ದು 1740ರ ಕ್ರಿಸ್‌ಮಸ್ ಹಿಂದಿನ ದಿನ, ಅಲ್ಲಿ ಒಂದು ತುದಿಯಷ್ಟೇ ಸುಟ್ಟದ್ದು ಅಂತ ಅಗೆತದಿಂದ ಗೊತ್ತಾಗಿದೆ. "ಹಬ್ಬದ ದಿನ ಒಲೆ ಜಾಸ್ತಿ ಉರಿಸ್ತಾರೆ, ಇನ್ನೇನು" ಅಂದರು ಅಮ್ಮ.

ಈಗ ಎದುರಿಗೆ ನಿಂತಿರುವುದು ದೊಡ್ಡ ಇಟ್ಟಿಗೆ ಮನೆ. ಗಂಭೀರವಾಗಿದೆ, ಸುತ್ತ ಹಳೇ ಸೀಡರ್ ಮರಗಳು, ಹಿಂದೆ ನೀರು. ಇದನ್ನು ಕಟ್ಟಿದ ಕಥೆಯೇ ಈ ಪ್ರವಾಸದ ತಿರುಳು. 1815ರಲ್ಲಿ ವಾಷಿಂಗ್ಟನ್ನನ ಮಲಮೊಮ್ಮಗ ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್ ಇಲ್ಲಿಗೆ ಬಂದು, ಇಂಥಲ್ಲಿ ಹುಟ್ಟಿದ ಅಂತ ಒಂದು ಕಲ್ಲು ಇಟ್ಟುಹೋದ. ಮನೆ ಸುಟ್ಟು ಮೂವತ್ತಾರು ವರ್ಷವಾಗಿತ್ತು. ಆ ಗುರುತು ನಂಬಿ 1896ರಲ್ಲಿ ಅದೇ ಸುಮಾರಿಗೆ ಒಂದು ಗ್ರಾನೈಟ್ ಸ್ತಂಭ ನಿಲ್ಲಿಸಿದರು. 1932ಕ್ಕೆ ಇನ್ನೂರನೇ ಹುಟ್ಟುಹಬ್ಬ. ಜೋಸೆಫಿನ್ ವೀಲ್‌ರೈಟ್ ರಸ್ಟ್ ಎಂಬ ಹೆಂಗಸಿನ ಮುಂದಾಳತ್ವದ ಸಂಘ, ಅಷ್ಟರೊಳಗೆ ಸ್ಮಾರಕ ಮನೆ ಏಳಬೇಕು ಅಂತ ಪಟ್ಟು ಹಿಡಿಯಿತು. ಸ್ತಂಭವನ್ನು ಕಿತ್ತು ರಸ್ತೆಯ ಬಾಯಿಗೆ ಸಾಗಿಸಿ (ಅದು ಈಗಲೂ ಪ್ರವೇಶದಲ್ಲೇ ಇದೆ), ಅದು ನಿಂತಿದ್ದ ಜಾಗದಲ್ಲಿ ಮನೆ ಕಟ್ಟಿದರು. 1931ಕ್ಕೆ ಮನೆ ಸಿದ್ಧ.

ಕೆಲಸ ನಡೆಯುವಾಗಲೇ, 1930ರಲ್ಲಿ, ಕೆಲವೇ ಹೆಜ್ಜೆ ಆಚೆ ನೆಲದಡಿ ಬೇರೆ ಇಟ್ಟಿಗೆ ಪಾಯದ ಸುಳಿವು ಸಿಕ್ಕಿತ್ತು. ಸ್ಮಾರಕದ ಅಡಿಯಲ್ಲಿ ಸಿಕ್ಕಿದ್ದು ಒಂದು ಸಣ್ಣ ಕಟ್ಟಡದ ಗುರುತು, ಸಂಸಾರದ ಮನೆಯಾಗುವ ಅಳತೆಯಲ್ಲ. ಆದರೂ ಕಟ್ಟುವುದು ನಿಲ್ಲಲಿಲ್ಲ. ಆಚೆಯ ಪಾಯವನ್ನು ಪೂರ್ತಿ ಅಗೆದದ್ದು 1936ರಲ್ಲಿ. ದೊಡ್ಡ ಕಟ್ಟಡ, ನೆಲಮಾಳಿಗೆಗಳು, ರಾಶಿ ಸಾಮಾನು. ಅದಕ್ಕಿಟ್ಟ ಹೆಸರು "ಬಿಲ್ಡಿಂಗ್ ಎಕ್ಸ್". ಕೋಟಿಗಟ್ಟಲೆ ಜನಕ್ಕೆ ತೋರಿಸಲು ಕಟ್ಟಿದ ಮನೆಗೆ ಜಾರ್ಜನ ಹೆಸರು, ನಿಜವಾಗಿ ಹುಟ್ಟಿರಬಹುದಾದ ಮನೆಗೆ ಒಂದು ಅಕ್ಷರ! ಆಮೇಲೆ ಅದನ್ನು ಮತ್ತೆ ಮಣ್ಣು ಮುಚ್ಚಿ, ಮೇಲೆ ಸಿಂಪಿ ಚಿಪ್ಪಿನ ಬಿಳಿ ಚೂರು ಸುರಿದು ಪಾಯದ ಗೆರೆ ಎಳೆದಿದ್ದಾರೆ.

ಅಪ್ಪ ಆ ಬಿಳಿ ಗೆರೆಯ ಮೇಲೆ ಹೆಜ್ಜೆ ಇಡುತ್ತಾ ಪೂರ್ತಿ ಒಂದು ಸುತ್ತು ಬಂದರು. ಮೂಲೆ ಬಂದಾಗಲೆಲ್ಲ ನಿಂತು ಎಣಿಕೆ ಹೇಳಿಕೊಂಡರು. ಕೊನೆಗೆ ಅಂದರು: "ಪಾಯಕ್ಕೆ ಸುಣ್ಣದ ಗೆರೆ ಹಾಕೋದು ಮನೆ ಕಟ್ಟೋ ಮುಂಚೆ. ಇವ್ರು ಮನೆ ಬೂದಿಯಾಗಿ ನೂರೈವತ್ತು ವರ್ಷದ ಮೇಲೆ ಹಾಕಿದ್ದಾರೆ." ಸ್ವಲ್ಪ ದೂರ ನಡೆದು ಮತ್ತೆ ತಿರುಗಿ ಬಂದು, "ಹದ್ದುಬಸ್ತು ಮಾಡದೆ ಕಟ್ಟಡ ಎಬ್ಬಿಸಿದ್ರೆ ಹೀಗೇ. ನಾನು ಎಷ್ಟು ಜನಕ್ಕೆ ಹೇಳಿಲ್ಲ!" ಅಂದರು. ನಿನ್ನೆ ಕಂಡ ಮನೆಗೆ ಅವರ ಪೂರ್ಣ ಅಂಕ ಏಕೆ ಅಂತ ಆಗ ನನಗೆ ತಿಳಿಯಿತು. ಅಲ್ಲಿ ಎರಡು ತಪ್ಪು ಪಾಯ ಅಗೆದು, ಬಿಟ್ಟು, ಮೂರನೆಯದು ಖಚಿತವಾದ ಮೇಲೆ ಗೋಡೆ ಎಬ್ಬಿಸಿದರು. ಇಲ್ಲಿ ಕಾಯಲು ಪುರುಸೊತ್ತಿರಲಿಲ್ಲ.

ನನಗೆ ಮಾತ್ರ ಆ ಇಟ್ಟಿಗೆ ಮನೆಯ ಮೇಲೆ ಸಿಟ್ಟು ಬರಲಿಲ್ಲ. ಹತ್ತಿರದ ಹೊಲದ ಜೇಡಿಮಣ್ಣಿನಿಂದಲೇ ಕೈಯಲ್ಲಿ ಹೊಯ್ದ ಇಟ್ಟಿಗೆ, ಚೆಂದದ ಕೆಲಸ. ಇಲಾಖೆಯವರೂ ಈಗ ಮುಚ್ಚಿಡುವುದಿಲ್ಲ. ರೇಂಜರ್ ಹುಡುಗ ಮೊದಲ ಮಾತಿನಲ್ಲೇ ಇದು ಹುಟ್ಟಿದ ಮನೆಯ ಪ್ರತಿರೂಪವಲ್ಲ, ಆ ಕಾಲದ ಸಾಹುಕಾರರ ಮನೆ ಹೀಗಿದ್ದಿರಬಹುದು ಎಂಬ 1930ರ ದಶಕದವರ ಕಲ್ಪನೆ ಅಂದ. ಬಿಲ್ಡಿಂಗ್ ಎಕ್ಸ್ ಬಗ್ಗೆಯೂ ಎಲ್ಲ ಮುಗಿದಿಲ್ಲವಂತೆ. ಆಗಿನವರು ಅಗೆದ ರೀತಿ ಒರಟು. ಗೋಡೆ ಸಿಕ್ಕರೆ ಅದರ ಬೆನ್ನು ಹಿಡಿದು ಕಂದಕ ತೋಡುತ್ತಾ ಹೋಗುತ್ತಿದ್ದರು, ಮಣ್ಣಿನ ಪದರಗಳು ಕಲಸಿಹೋಗುತ್ತಿದ್ದವು. ಈಚೆಗೆ ಆ ಹಳೇ ನಕ್ಷೆ, ಟಿಪ್ಪಣಿ, ಪೆಟ್ಟಿಗೆಯ ಚೂರುಗಳನ್ನೆಲ್ಲ ಮತ್ತೆ ಓದುವ ಕೆಲಸ ನಡೆದಿದೆ. ಅದರಲ್ಲೂ ಫೆರ್ರಿ ಫಾರ್ಮಿನ ಅದೇ ಲೆವಿ ಇದ್ದಾರೆ.

ಪುಳಿಯೋಗರೆಯ ಕೊನೆಯ ಡಬ್ಬಿ ಖಾಲಿ ಮಾಡಿ ಬ್ರಿಡ್ಜಸ್ ಕ್ರೀಕ್ ಕಡೆಯ ಮನೆತನದ ಮಸಣಕ್ಕೆ ಹೋದೆವು. ತಂದೆ, ಅಜ್ಜ, ಮುತ್ತಜ್ಜ ಮೂವರೂ ಇಲ್ಲಿದ್ದಾರೆ. ಇಟ್ಟಿಗೆ ಗೋಡೆ, ಕಬ್ಬಿಣದ ಗೇಟು, ಹೆಸರು ಕೆತ್ತಿದ ಕಲ್ಲು. ಮೌಂಟ್ ವರ್ನನ್ನಿನ ಕಾಡಂಚಿನ ಮಣ್ಣು ನೋಡಿ ಬಂದವರಿಗೆ ಇದನ್ನು ನೋಡುವಾಗ ಮಾತು ಬರುವುದಿಲ್ಲ. ಅಲ್ಲಿಂದ ಹೊಲದಂಚಿನ ಹುಲ್ಲಿನಲ್ಲಿ ನಡೆದದ್ದಕ್ಕೆ ಅಪ್ಪನ ಪ್ಯಾಂಟಿಗೆ ರಕ್ತ ಹೀರುವ ಉಣ್ಣೆಹುಳ ಹತ್ತಿತ್ತು. ಅಕ್ಟೋಬರಿನಲ್ಲೂ ಇರುತ್ತವೆ. ಕಾಲುಚೀಲದೊಳಗೆ ಪ್ಯಾಂಟು ತುರುಕಿಕೊಂಡು ನಡೆಯಬೇಕು, ಕಾರು ಹತ್ತುವ ಮೊದಲು ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ಪಕ್ಕದ ವೆಸ್ಟ್‌ಮೋರ್ಲ್ಯಾಂಡ್ ಪಾರ್ಕಿನ ದಂಡೆಯಲ್ಲಿ ಶಾರ್ಕ್ ಹಲ್ಲಿನ ಪಳೆಯುಳಿಕೆ ಸಿಗುತ್ತದೆ ಅಂದಿದ್ದರಿಂದ ಅಲ್ಲಿಗೂ ಹೋದೆವು. ಅಮ್ಮನಿಗೆ ಉಗುರಿನಷ್ಟು ಕಪ್ಪು ಹಲ್ಲು ಒಂದು ಸಿಕ್ಕಿತು, ನನಗೆ ಬರೀ ಕಲ್ಲು.

ಹೊರಡುವಾಗ ಅಪ್ಪ ರೇಂಜರ್ ಹುಡುಗನನ್ನು ಹುಡುಕಿಕೊಂಡು ಹೋಗಿ, ತಾವೇ ಇಂಗ್ಲಿಷಿನಲ್ಲಿ, 1936ರ ಅಗೆತದ ನಕ್ಷೆ ನೋಡಲು ಸಿಗುತ್ತದೆಯೇ ಅಂತ ಕೇಳಿದ್ದರು. ಇಲಾಖೆಯ ಹಳೇ ವರದಿಗಳು ಅಂತರ್ಜಾಲದಲ್ಲಿವೆ ಅಂತ ಆತ ಹೇಗೆ ಹುಡುಕಬೇಕೆಂದು ಬರೆದುಕೊಟ್ಟ. ಮನೆಗೆ ಬಂದ ಮಾರನೇ ಬೆಳಗ್ಗೆ ನಾನು ಕಾಫಿಗೆ ಎದ್ದರೆ ಅಪ್ಪ ನನ್ನ ಲ್ಯಾಪ್‌ಟಾಪ್ ಮುಂದೆ ಸ್ಕೇಲು ಹಿಡಿದು ಕೂತಿದ್ದರು. ಪರದೆಯ ಮೇಲೆ ಅಳೆದರೆ ಸರಿಬರುವುದಿಲ್ಲ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಬೇಕು ಅಂದರು. ಮಾಡಿಸಿ ತಂದೆ. ಈಗ ಊಟದ ಮೇಜಿನ ತುಂಬ ಬಿಲ್ಡಿಂಗ್ ಎಕ್ಸ್ ಹರಡಿಕೊಂಡಿದೆ, ಪೂರ್ವದ ಗೋಡೆ ಗುನಿಯಾದಲ್ಲಿಲ್ಲ ಅಂತ ಅಪ್ಪನ ತಕರಾರು, ಮತ್ತು ನಾವೆಲ್ಲ ತಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಊಟ ಮಾಡುತ್ತಿದ್ದೇವೆ.